ಗುಬ್ಬಿಯ ಹೆಸರಿನ ಕಾಗದಗಳು

ಅಕ್ಕನಿಗೆ ದಂತವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಾಗ ಅಕ್ಕ ತಂಗಿ ಇಬ್ಬರೂ ರಾಜ್ಯದ ಗಡಿ ದಾಟಿ ಬಂದು ಒಂದು ಕೋಣೆ ಹಿಡಿದರು. ಹೊರರಾಜ್ಯದವರಿಗೆ ಫೀಸು ಮೂರು ಪಟ್ಟು. ಆದರೆ ಒಂದು ವರ್ಷ ಇಲ್ಲೇ ನೆಲೆಸಿದ್ದಕ್ಕೆ ಕಾಗದ ತೋರಿಸಿದರೆ, ಮುಂದಿನ ವರ್ಷದಿಂದ ಇಲ್ಲಿಯವರ ಫೀಸೇ ಸಾಕು ಎಂಬ ನಿಯಮವಿತ್ತು. ಅದನ್ನು ನಂಬಿಕೊಂಡೇ ಅಪ್ಪ ಮೊದಲ ವರ್ಷದ ಫೀಸಿಗೆ ಅಂಗಡಿ ಮಾರಿದ್ದರು. ಮಾರುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

ತಂಗಿಯನ್ನು ಮನೆಯವರೆಲ್ಲ ಗುಬ್ಬಿ ಎನ್ನುತ್ತಿದ್ದರು. ಎಂಟನೆಯ ತರಗತಿಗೇ ಶಾಲೆ ಬಿಟ್ಟವಳು, ವೈದ್ಯರ ಬಿಳಿ ಕೋಟು ಹೊಲಿಯುವ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದಳು. ಹೊಸಬರೆದುರು ಬಾಯಿ ತೆರೆಯಬೇಕೆಂದರೆ ಅಕ್ಕನ ಬೆನ್ನ ಹಿಂದೆ ಸರಿಯುತ್ತಿದ್ದಳು. ಅಂಥವಳು ಆ ವರ್ಷ ಊರಿನ ಎಲ್ಲ ಕಚೇರಿಗಳ ಕಿಟಕಿಗಳ ಮುಂದೆ ಸರತಿಯಲ್ಲಿ ನಿಂತಳು. ಬಾಡಿಗೆ ಕರಾರು, ಕರೆಂಟು, ಗ್ಯಾಸು, ಒಂದೊಂದಕ್ಕೂ ಅಕ್ಕ ಏಳಹೊರಟರೆ, ನೀನು ಓದ್ಕೋ, ನಾನು ಹೋಗ್ಬರ್ತೀನಿ ಎನ್ನುತ್ತಿದ್ದಳು. ನಮ್ಮ ಗುಬ್ಬಿಗೂ ಕೊಕ್ಕು ಬಂತು ಎಂದು ಅಕ್ಕ ರೇಗಿಸುತ್ತಿದ್ದಳು. ಗುಬ್ಬಿಗೆ ಒಳಗೊಳಗೇ ಹೆಮ್ಮೆ.

ವರ್ಷ ತುಂಬಿದ ಮೇಲೆ ಇಬ್ಬರೂ ಫೀಸು ವಿಭಾಗಕ್ಕೆ ಹೋದರು. ಗುಬ್ಬಿ ತಾರೀಖಿನ ಪ್ರಕಾರ ಜೋಡಿಸಿದ ಫೈಲನ್ನು ಕಿಟಕಿಯೊಳಗೆ ಸರಿಸಿದಳು. ಗುಮಾಸ್ತೆ ಒಂದೊಂದೇ ಹಾಳೆ ತಿರುವಿ, ಇಷ್ಟು ಅಚ್ಚುಕಟ್ಟಾಗಿ ಯಾರೂ ತಂದಿರಲಿಲ್ಲ ಎಂದು ಹೊಗಳಿದಳು. ಆಮೇಲೆ ಕನ್ನಡಕ ತೆಗೆದಳು.

"ಇದೆಲ್ಲಾ ಯಾರ ಹೆಸರಲ್ಲಿದೆ?"

"ನನ್ನ ಹೆಸರಲ್ಲಿ, ಮೇಡಂ."

"ಓದೋದು?"

"ಅಕ್ಕ."

"ಹಾಗಾದ್ರೆ ಇಲ್ಲಿ ನೆಲೆಸಿರೋದು ನೀನೊಬ್ಬಳೇ ಅಂತಾಯ್ತಲ್ಲಮ್ಮಾ. ನೀನು ಓದೋದಾದ್ರೆ ಈಗಲೇ ಸೀಲ್ ಒತ್ತಿಬಿಡ್ತೀನಿ."

ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಹಾಸಿಗೆಯಲ್ಲಿ ಮಲಗುತ್ತೇವೆ ಎಂದು ಅಕ್ಕ ಹೇಳಿ ನೋಡಿದಳು. ಹಾಸಿಗೆಗೆ ರಸೀದಿ ಇರುವುದಿಲ್ಲವಲ್ಲ ಎಂದಳು ಗುಮಾಸ್ತೆ. ಕಾಲೇಜಿನ ಕಾಗದಗಳು ಲೆಕ್ಕಕ್ಕಿಲ್ಲವಂತೆ. ಹೋದ ವರ್ಷದ್ದು, ಓದುವವಳ ಹೆಸರಿರುವುದು ಒಂದಾದರೂ ಇದೆಯೇ ಎಂದು ಅವಳೇ ಕನಿಕರದಿಂದ ಕೇಳಿದಳು.

ಗುಬ್ಬಿಯ ಕಣ್ಣು ಅಕ್ಕ ತೊಟ್ಟಿದ್ದ ಬಿಳಿ ಕೋಟಿನ ಮೇಲೆ ಬಿತ್ತು. ಬಂದ ಮೊದಲ ವಾರವೇ ಕೋಟಿನ ಜೇಬಿನ ಮೇಲೆ ನೀಲಿ ದಾರದಲ್ಲಿ ಅಕ್ಕನ ಹೆಸರನ್ನು ಅವಳೇ ಕಸೂತಿ ಹಾಕಿದ್ದಳು.

"ಕೋಟಿದೆ, ಮೇಡಂ."

ಗುಮಾಸ್ತೆಗೆ ನಗು ಬಂತು. ಹುಡುಗಿಯ ಮುಖ ನೋಡಿ ಅಲ್ಲಿಗೇ ತಡೆದುಕೊಂಡಳು. ಶುಕ್ರವಾರದೊಳಗೆ ಪೂರ್ತಿ ಫೀಸು ಕಟ್ಟದಿದ್ದರೆ ಹಾಜರಿ ಪುಸ್ತಕದಿಂದ ಹೆಸರು ಹೋಗುತ್ತದೆ ಎಂದು ಹೇಳಿ ಫೈಲು ಹಿಂದಿರುಗಿಸಿದಳು.

ದಾರಿಯುದ್ದಕ್ಕೂ ಅಕ್ಕ ಫೈಲನ್ನು ತಾನೇ ಹಿಡಿದುಕೊಂಡು ಮುಂದೆ ನಡೆದಳು. ಬೈದಿದ್ದರೆ ಗುಬ್ಬಿ ಅತ್ತು ಹಗುರಾಗುತ್ತಿದ್ದಳು. ಗುಬ್ಬಿ ನೇರವಾಗಿ ಮನೆ ಮಾಲೀಕನ ಬಾಗಿಲು ಬಡಿದು, ಕರಾರನ್ನು ಅಕ್ಕನ ಹೆಸರಿಗೆ ಬರೆದುಕೊಡಿ ಎಂದು ಬೇಡಿಕೊಂಡಳು. ಅದಕ್ಕೇನಂತೆ, ಆದರೆ ತಾರೀಖು ಇವತ್ತಿನದೇ ಹಾಕಬೇಕು ಎಂದ ಆತ. ಅಲ್ಲಿಂದ ಮತ್ತೆ ಒಂದು ವರ್ಷ. ಬರೆದು ಮುಗಿಸಿ, ಅಭ್ಯಾಸಬಲದಿಂದ ಪೆನ್ನನ್ನು ಗುಬ್ಬಿಗೇ ಚಾಚಿದ.

ಅವಳು ಕೈ ಹಿಂದಕ್ಕೆ ಎಳೆದುಕೊಂಡು, ಗೇಟಿನ ಹತ್ತಿರ ನಿಂತಿದ್ದ ಅಕ್ಕನನ್ನು ಕರೆದಳು.

"ಅಕ್ಕಾ, ಈ ಸಲ ನೀನೇ ಬಂದು ಸೈನ್ ಹಾಕು."

ಅಕ್ಕ ಕೋಟು ಬಿಚ್ಚಿ, ಹೆಸರು ಒಳಗಾಗುವಂತೆ ಮಡಿಸುತ್ತಿದ್ದಳು.

"ಸೈನ್ ಹಾಕಿ ಯಾವ ಕ್ಲಾಸಿಗೆ ಹೋಗ್ಲೇ, ಗುಬ್ಬಿ?" ಎಂದಳು.