ಪೆಂಡರ್‌ಗ್ರಾಸ್ ಅಂಗಡಿಯಲ್ಲಿ ಉಪದೇಶ

ನನ್ನ ಕೈಗೆ ಬುದ್ಧಿ ಇಲ್ಲ. ಬಾಯಿಗಾದರೂ ಇದೆಯೇ ಎಂದು ಕೇಳಬೇಡಿ. ಕಾದ ಕಬ್ಬಿಣದ ಬಾಚಣಿಗೆ ಎಳೆದು ನಮ್ಮ ಬೀದಿಯ ಹೆಂಗಸರ ಗುಂಗುರು ಕೂದಲನ್ನು ನೇರ ಮಾಡುವುದು ನನ್ನ ಕಸುಬು. ಬಾಚಣಿಗೆಗಿಂತ ಬಾಚುವವಳೇ ಹೆಚ್ಚು ಬಿಸಿ ಎಂದು ಹಿಂದಿನಿಂದ ಆಡಿಕೊಳ್ಳುತ್ತಾರೆ. ಹಾಗಾಗಿ ಪೆಂಡರ್‌ಗ್ರಾಸ್ ಅಂಗಡಿಯ ಬಿಳಿಯರಿಗೆಂದೇ ಮೀಸಲಾದ ಕಾಫಿ ಕೌಂಟರಿಗೆ ಹೋಗಿ ಪ್ರತಿಭಟನೆಗೆ ಕೂರುವವರ ಪಟ್ಟಿಗೆ ನಾನು ಹೆಸರು ಕೊಟ್ಟಾಗ ಪಾದ್ರಿ ಮೋಸ್ಲಿಯವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ವರ್ನೆಲ್, ಅಲ್ಲಿ ಬೈತಾರೆ, ಉಗೀತಾರೆ. ನೀನು ತುಟಿ ಬಿಚ್ಚೋ ಹಾಗಿಲ್ಲ. ಕೈ ಎತ್ತಿದ್ಯೋ, ನಾಳೆ ಪೇಪರಲ್ಲಿ ಕರಿಯರು ಅಂಗಡೀಲಿ ಹೊಡೆದಾಟ ಮಾಡಿದ್ರು ಅಂತ ಬರುತ್ತೆ. ಇಷ್ಟು ದಿನ ಪಟ್ಟ ಪಾಡೆಲ್ಲ ಹೊಳೇಲಿ ಹುಣಿಸೆ ತೊಳೆದ ಹಾಗಾಗುತ್ತೆ."

"ನಾನೇನು ಎಳೆ ಮಗುವೇ ಪಾದ್ರಿಗಳೇ?"

"ಮಗುವಾಗಿದ್ರೆ ಚಿಂತೆ ಇರ್ಲಿಲ್ಲ" ಎಂದರು.

ಆ ಅಂಗಡಿಯಲ್ಲಿ ನಾವು ಕರಿಯರು ಸೋಪು ಕೊಳ್ಳಬಹುದು, ದಾರ ಕೊಳ್ಳಬಹುದು. ಹತ್ತು ಹೆಜ್ಜೆ ಆಚೆ ಸ್ಟೂಲಿನ ಮೇಲೆ ಕೂತು ಒಂದು ಕಪ್ ಕಾಫಿ ಕುಡಿಯುವಂತಿಲ್ಲ. ನಮ್ಮಮ್ಮ ಊದಿದ ಕಾಲಿನಲ್ಲಿ ನಿಂತು ಆ ಖಾಲಿ ಸ್ಟೂಲುಗಳನ್ನು ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಅವಳು ಸತ್ತು ಆರು ವರ್ಷವಾಯಿತು. ನನಗೆ ಅಲ್ಲಿ ಕೂರಲೇಬೇಕಿತ್ತು.

ಚರ್ಚಿನ ನೆಲಮಾಳಿಗೆಯಲ್ಲಿ ತಾಲೀಮು ನಡೆಯಿತು. ನಮ್ಮಲ್ಲೇ ಅರ್ಧ ಜನ ಬಿಳಿಯರಾಗಿ ಬೈಯಬೇಕು, ಉಳಿದವರು ಸುಮ್ಮನೆ ಕೂರಬೇಕು. ಮೊದಲು ನನ್ನನ್ನು ಬೈಯಲು ಬಂದವರು ಸಭೆಯ ಹಿರಿಯರಾದ ಲೂಷಿಯಸ್ ತಾತ.

"ತಪ್ಪು ತಿಳ್ಕೋಬೇಡಮ್ಮ, ಒಂಚೂರು ಏಳ್ತೀಯಾ?" ಎಂದರು. ಎಪ್ಪತ್ತೊಂದು ವರ್ಷದಲ್ಲಿ ಅವರು ಬೈದ ಅತಿ ಕೆಟ್ಟ ಬೈಗುಳ ಅದೇ ಇರಬೇಕು.

ಆಮೇಲೆ ನನ್ನ ನಾದಿನಿ ಒಜೆಲ್ಲಾ ಬಂದಳು. ಇಪ್ಪತ್ತು ವರ್ಷದಿಂದ ಬಿಳಿಯರ ಮನೆಯಲ್ಲಿ ಅಡಿಗೆ ಮಾಡುವವಳು. ಸೊಂಟಕ್ಕೆ ಕೈಯಿಟ್ಟು ಮೂಗಿನಿಂದ ರಾಗ ಎಳೆದಳು ನೋಡಿ, ನೆಲಮಾಳಿಗೆಯಲ್ಲಿ ಚಳಿ ಹೊಕ್ಕಂತಾಯಿತು. "ಏ ಹುಡುಗಿ, ನಿನ್ನಂಥೋರು ಕೂರೋ ಜಾಗ ಅಲ್ಲ ಇದು. ನೀನು ಮಾಡೋ ಪೀಚ್ ಹಣ್ಣಿನ ಕಡುಬು ತಿಂದು ನಮ್ಮಣ್ಣ ಎರಡು ದಿನ ಮಲಗಿದ್ದು ಊರಿಗೇ ಗೊತ್ತು."

ನನ್ನ ಕೈಚೀಲ ಅವಳ ಕಿವಿಯ ಪಕ್ಕದಿಂದ ಹಾರಿಹೋಯಿತು.

"ಒಜೆಲ್ಲಾ, ಬಿಳಿಯರಿಗೆ ಕಡುಬಿನ ವಿಷಯ ಗೊತ್ತಿರಲ್ಲ" ಎಂದರು ಪಾದ್ರಿಗಳು.

"ತಿಂದಿದ್ರೆ ಅವ್ರೂ ಬೈತಿದ್ರು!"

ಎರಡನೆಯ ಸಲವೂ ಅದೇ ಕಥೆ. ಮೂರನೆಯ ಸಲ ತುಟಿ ಕಚ್ಚಿಕೊಂಡು ಕೂತೆ. ಪಾದ್ರಿಗಳು ಒಲ್ಲದ ಮನಸ್ಸಿನಿಂದ ಹೂಂ ಅಂದರು. ಆದರೆ ಶನಿವಾರ ಅಂಗಡಿಗೆ ಹೊರಟಾಗ ನನ್ನ ಎಡಕ್ಕೆ ಒಜೆಲ್ಲಾಳನ್ನೂ ಬಲಕ್ಕೆ ಲೂಷಿಯಸ್ ತಾತನನ್ನೂ ಕಾವಲಿಟ್ಟರು. ಸುದ್ದಿ ಬಿಳಿಯ ಯಜಮಾನರ ಕಿವಿಗೆ ಬಿದ್ದರೆ ಒಜೆಲ್ಲಾಗೆ ಸೋಮವಾರ ಕೆಲಸ ಇರುತ್ತದೆಂಬ ಖಾತ್ರಿ ಇರಲಿಲ್ಲ. ಆದರೂ ಬಂದಳು. ಅವಳ ಮೇಲೆ ನನಗಿರುವ ದೂರುಗಳ ಪಟ್ಟಿ ಉದ್ದ, ಹೇಡಿ ಎಂಬ ಮಾತು ಮಾತ್ರ ಅದರಲ್ಲಿಲ್ಲ.

ಇನ್ನಿಬ್ಬರು ಸೇರಿ ಒಟ್ಟು ಐದು ಜನ ಸ್ಟೂಲುಗಳ ಮೇಲೆ ಕೂತೆವು. ಕೌಂಟರಿನ ಹುಡುಗಿ 'ಮುಚ್ಚಿದೆ' ಎಂಬ ಫಲಕ ಇಟ್ಟು ಒಳಗೆ ಓಡಿದಳು. ಸ್ವಲ್ಪ ಹೊತ್ತಿಗೆ ಹತ್ತು ಹನ್ನೆರಡು ಬಿಳಿಯ ಯುವಕರು ನಮ್ಮ ಬೆನ್ನ ಹಿಂದೆ ನೆರೆದರು. ಬೈದರು. ಒಜೆಲ್ಲಾ ಬೈದದ್ದರ ಮುಂದೆ ಅದು ಏನೂ ಅಲ್ಲ. ಅಷ್ಟರಲ್ಲಿ ಕೆಂಪು ಕೂದಲಿನವನೊಬ್ಬ ಟೊಮೆಟೊ ಸಾಸಿನ ಬಾಟಲಿಯನ್ನು ನನ್ನ ತಲೆಯ ಮೇಲೆ ಬೋರಲು ಹಾಕಿದ. ಬೆಳಿಗ್ಗೆ ಎರಡು ಗಂಟೆ ಕೂತು ನೇರ ಮಾಡಿಕೊಂಡ ಕೂದಲು! ಉಸಿರು ಬಿಗಿಹಿಡಿದು ಕೂತೆ.

"ಅತ್ತಿಗೆ, ಉಸಿರು ಬಿಡು" ಎಂದು ಒಜೆಲ್ಲಾ ಪಿಸುಗುಟ್ಟಿದಳು. ಬಿಟ್ಟೆ.

ನಾವು ಅಲುಗಾಡದ್ದು ಕಂಡು ಕೆಂಪುಕೂದಲಿನವನಿಗೆ ರೇಗಿತು. ಖಾಲಿ ಸ್ಟೂಲು ಹತ್ತಿ ನಿಂತು ಕೂಗಿದ: "ದೇವರು ಗುಬ್ಬೀನ ಬೇರೆ ಮಾಡಿದ, ಕಾಗೇನ ಬೇರೆ ಮಾಡಿದ!"

ಇಲ್ಲೇ ಎಡವಟ್ಟಾಯಿತು. ನಮ್ಮ ಚರ್ಚಿನಲ್ಲಿ ಉಪದೇಶವನ್ನು ಸುಮ್ಮನೆ ಕೂತು ಕೇಳುವ ಪದ್ಧತಿ ಇಲ್ಲ. ಪಾದ್ರಿ ಒಂದು ಮಾತು ಹೇಳಿದರೆ ಸಭೆ ಒಂದು ಮಾತು ಕೊಡಬೇಕು. ಲೂಷಿಯಸ್ ತಾತ ಐವತ್ತು ವರ್ಷ ಮೊದಲ ಸಾಲಿನಲ್ಲಿ ಕೂತು ಅದನ್ನೇ ಮಾಡಿದವರು, ನಿದ್ದೆಯಲ್ಲೂ ಬಿಟ್ಟವರಲ್ಲ. ದೇವರ ಹೆಸರು ಕಿವಿಗೆ ಬಿದ್ದದ್ದೇ ತಡ, ಕಣ್ಣು ಮುಚ್ಚಿ, "ಹೌದಪ್ಪಾ, ಮಾಡಿದ!" ಎಂದುಬಿಟ್ಟರು.

ಕಿಟಕಿಯ ಆಚೆ ಬೀದಿಯಲ್ಲಿ ನಿಂತಿದ್ದ ಪಾದ್ರಿಗಳು ತಲೆ ಮೇಲೆ ಕೈ ಹೊತ್ತರು.

ಕೆಂಪುಕೂದಲಿನವ ಒಂದು ಕ್ಷಣ ತಬ್ಬಿಬ್ಬಾದ. ಅವನ ಮಾತಿಗೆ ಜನ್ಮದಲ್ಲಿ ಯಾರಾದರೂ ಹೌದು ಅಂದಿದ್ದರೋ ಇಲ್ಲವೋ! ಎದೆಯುಬ್ಬಿಸಿದ. "ಎರಡಕ್ಕೂ ಬೇರೆ ಬೇರೆ ಬಣ್ಣ ಕೊಟ್ಟ!"

"ಕೊಟ್ಟ, ಕೊಟ್ಟ! ಹೇಳು ಮಗಾ!"

"ಎಂಥಾ ಒಳ್ಳೇ ದೇವರು!" ಇದು ಒಜೆಲ್ಲಾ. ಅವಳ ಕಾಲು ಆಗಲೇ ತಾಳ ಹಾಕುತ್ತಿತ್ತು. ಸುಳ್ಳೇಕೆ, ನನ್ನದೂ.

"ಗುಬ್ಬಿಗೂ ಕಾಳು ಕೊಟ್ಟ!"

"ಕೊಟ್ಟ!" ಐದೂ ಜನ.

"ಕಾಗೆಗೂ ಕಾಳು ಕೊಟ್ಟ!"

"ಕೊಟ್ಟ, ಸ್ವಾಮೀ!"

ಅವನಿಗೆ ಆವೇಶ ಬಂದಿತ್ತು. ಎರಡೂ ಕೈ ಮೇಲೆತ್ತಿದ. "ಒಂದೇ ಹೊಲದಲ್ಲಿ ಕೊಟ್ಟ!"

ಎತ್ತಿದ ಕೈ ಎತ್ತಿದಂತೇ ನಿಂತಿತು. ಅವನ ಬಾಯಿ ತೆರೆದೇ ಇತ್ತು. ಹಿಂದಿನಿಂದ ಅವನ ಗೆಳೆಯನೊಬ್ಬ ಕಿಸಕ್ಕೆಂದು ನಕ್ಕ. ಕೆಂಪುಕೂದಲಿನವನ ಮುಖ ಕೂದಲಿಗಿಂತ ಕೆಂಪಾಯಿತು. ಸ್ಟೂಲಿನಿಂದ ಹಾರಿದವನೇ ಲೂಷಿಯಸ್ ತಾತನ ಕೆನ್ನೆಗೆ ಬಾರಿಸಿದ.

ತಾತ ಕೌಂಟರಿನ ಮೇಲೆ ಒರಗಿದರು. ತುಟಿಯಿಂದ ರಕ್ತ. ನನ್ನ ಕೈ ತಾನಾಗಿ ಸಕ್ಕರೆಯ ಗಾಜಿನ ಜಾಡಿಯನ್ನು ಹಿಡಿದಿತ್ತು. ಒಳ್ಳೆ ತೂಕದ ಜಾಡಿ. ಅವನ ಹಣೆ ಒಂದು ಮೊಳ ದೂರದಲ್ಲಿತ್ತು. ಒಜೆಲ್ಲಾ ನನ್ನನ್ನು ತಡೆಯಲಿಲ್ಲ, ಬರೀ ನೋಡಿದಳು. ನನಗೆ ಅಮ್ಮನ ಊದಿದ ಕಾಲು ಕಣ್ಣ ಮುಂದೆ ಬಂತು. ಎದ್ದರೆ ಆ ಸ್ಟೂಲು ಮತ್ತೆ ಖಾಲಿಯಾಗುತ್ತದೆ.

ಜಾಡಿಯಿಂದ ಕೈ ತೆಗೆದೆ. ಎರಡೂ ಕೈಯಲ್ಲಿ ಸ್ಟೂಲಿನ ಅಂಚು ಹಿಡಿದು ಕೂತೆ. ಪೊಲೀಸರು ಬಂದು ಎಲ್ಲರಿಗೂ ಏಳಲು ಹೇಳಿದರು, ನಾವು ಏಳಲಿಲ್ಲ. ನನ್ನನ್ನು ಹೊತ್ತುಕೊಂಡು ಹೋಗಲು ನಾಲ್ಕು ಜನ ಬೇಕಾದರು. ಅದರಲ್ಲಿ ಒಬ್ಬನ ಸೊಂಟ ಉಳುಕಿತು. ಅದಕ್ಕೆ ನಾನು ಜವಾಬ್ದಾರಳಲ್ಲ.

ಪೊಲೀಸ್ ವ್ಯಾನಿನಲ್ಲಿ ತಾತ ಕರವಸ್ತ್ರದಿಂದ ತುಟಿ ಒತ್ತಿಕೊಂಡು ನನ್ನತ್ತ ತಿರುಗಿದರು. "ಅಲ್ಲಮ್ಮ, ನಾನು ಅವನನ್ನ ಹೊಗಳ್ತಾ ಇದ್ದೆ. ಚೆನ್ನಾಗೇ ಹೇಳ್ತಿದ್ದ. ಯಾಕೆ ಹೊಡೆದ?"

ನಾನು ಬಾಯಿ ತೆರೆಯುವಷ್ಟರಲ್ಲಿ ಒಜೆಲ್ಲಾ ಹೇಳಿದಳು: "ನೀವು ಹೇಳಿದ್ದಕ್ಕಲ್ಲ ತಾತ. ಅವನು ಹೇಳಿದ್ದು ಅವನಿಗೇ ಕೇಳಿಸಿಬಿಡ್ತು, ಅದಕ್ಕೆ."

ಅಂಗಡಿಯಲ್ಲಿ ಬಾರದ ಅಳು ನನಗೆ ಆಗ ಬಂತು. ಒಜೆಲ್ಲಾ ತನ್ನ ಅಂಗಿಯ ತುದಿಯಿಂದ ನನ್ನ ಕೂದಲಿನ ಸಾಸು ಒರೆಸುತ್ತಾ ಕೂತಳು, ನಾನು ಒರೆಸಗೊಟ್ಟೆ.