ಓಡಾಟ, ಅಡ್ಡಾಟ

"ಈ ಹೊಸ್ತಿಲಾ ದಾಟೂದಾದ್ರ ನನ್ನ ದಾಟಿ ಹೋಗು!" ಎಂದು ಗುರುಬಸವ್ವ ಬಾಗಿಲ ಚೌಕಟ್ಟಿನ ಎರಡೂ ಬದಿಗೆ ಕೈಕೊಟ್ಟು ನಿಂತುಬಿಟ್ಟಳು.

ಒಳಗೆ ಅವಳ ಮಗ ಸುಭಾಸ ಹೆಂಡತಿ ನಾಗರತ್ನಾಳ ಭುಜ ಹಿಡಿದು ನಿಂತಿದ್ದ. ಮಂಚದಿಂದ ಪಡಸಾಲೆಗೆ ಬರುವಷ್ಟರಲ್ಲೇ ಅವನ ತುಟಿಯ ಮೇಲೆ ಬೆವರು ಮೂಡಿತ್ತು. ರಾಮದುರ್ಗದ ಪೇಟೆಯಲ್ಲಿ ಬೀಜದ ಅಂಗಡಿ ಇಟ್ಟುಕೊಂಡು, ಹಮಾಲರು ಬಾರದ ದಿನ ಚೀಲಕ್ಕೆ ತಾನೇ ಹೆಗಲು ಕೊಡುತ್ತಿದ್ದ ಆಳು ಅದು. ಎರಡು ತಿಂಗಳ ಹಿಂದೆ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದ. ಬೆಳಗಾವಿಯಲ್ಲಿ ಸ್ಟೆಂಟ್ ಹಾಕಿ ಬದುಕಿಸಿದರು. ಬದುಕಿ ಬಂದವನನ್ನು ಕೆಡಿಸಿದ್ದು ಒಂದೇ ಒಂದು ಮಾತು.

ಮನೆಗೆ ಕಳಿಸುವ ದಿನ ಡಾಕ್ಟರು, "ದಿನಾ ಅರ್ಧ ಗಂಟೆ ಓಡಾಡಿ, ಎಲ್ಲಾ ಸರಿಹೋಗುತ್ತೆ" ಎಂದಿದ್ದರು. ಮೈಸೂರು ಕಡೆಯ ಮನುಷ್ಯ. ಆ ಸೀಮೆಯಲ್ಲಿ ಓಡಾಡುವುದೆಂದರೆ ಸುಮ್ಮನೆ ಆಚೀಚೆ ನಡೆಯುವುದು. ಈ ಕಡೆ ಅದಕ್ಕೆ ಅಡ್ಡಾಡುವುದು ಅನ್ನುತ್ತಾರೆ. ಓಡುವುದೆಂದರೆ ಇಲ್ಲಿ ಓಡುವುದೇ. ಗುರುಬಸವ್ವನ ಕಿವಿಗಂತೂ ಆ ಶಬ್ದ ಕಾದ ಸೀಸ. ಅವಳ ಗಂಡ ಅಮೋಘಸಿದ್ದಪ್ಪ ಸವದತ್ತಿಯ ಬಸ್ಸು ಹಿಡಿಯಲು ಓಡಿ, ಬಸ್ಸಿನ ಬಾಗಿಲು ಮುಟ್ಟಿ, ಅಲ್ಲೇ ಬಿದ್ದು ಹೋದವನು. "ಎದಿ ಒಡಕೊಂಡಾವಗ ಓಡಾಡು ಅಂತಾನ. ಇವ ಡಾಕ್ಟರನೋ ಯಮನೋ?" ಎಂದವಳೇ ಮಗನನ್ನು ಮಂಚಕ್ಕೆ ಹಾಕಿದಳು. ಮಾವ ಹಾಗೆ ಸತ್ತ ಮನೆಯಲ್ಲಿ ಆ ಮಾತಿಗೆ ಎದುರಾಡಲು ಸೊಸೆಗೂ ಧೈರ್ಯವಾಗಲಿಲ್ಲ.

ಮಂಚ ತನ್ನ ಕೆಲಸ ಮಾಡಿತು. ಮೊದಲು ಹಸಿವು ಹೋಯಿತು, ಆಮೇಲೆ ಹೊಟ್ಟೆ ಕಟ್ಟಿತು. ಹಗಲೆಲ್ಲ ತೂಕಡಿಕೆ, ಇರುಳು ಕಣ್ಣಿಗೆ ಕಣ್ಣು ಹತ್ತದು. ರಕ್ತದಲ್ಲಿ ಸಕ್ಕರೆ ಏರಿತು, ತೊಡೆಗಳು ಸೊರಗಿದವು, ಸಿಟ್ಟು ಮಾತ್ರ ದಿನದಿನಕ್ಕೆ ಕೊಬ್ಬಿತು. ಮಗ ಸೊರಗಿದಷ್ಟೂ ತಾಯಿ "ಇನ್ನೂ ಮಲಕೋ" ಅನ್ನುವಳು. ನಿನ್ನೆ ಬಚ್ಚಲಿಗೆ ಹೋಗುವಾಗ ಅವನು ಮೊಣಕಾಲು ಮಡಿಚಿ ಬಿದ್ದ. ಬಿದ್ದದ್ದೇ ತಡ, ನಾಗರತ್ನಾ ಅತ್ತೆಯನ್ನು ಕೇಳಲಿಲ್ಲ, ಗಾಡಿ ತರಿಸಿ ಬೆಳಗಾವಿಗೆ ಕರೆದೊಯ್ದಳು.

ಡಾಕ್ಟರು ಎದೆ ನೋಡಿದರು, ಕಾಲು ನೋಡಿದರು, ಕೆಂಡವಾದರು. "ಹೃದಯ ಚೆನ್ನಾಗಿದೆ. ಮಿಕ್ಕಿದ್ದೆಲ್ಲ ಕೆಟ್ಟಿದೆ. ಓಡಾಡಿ ಅಂತ ಹೇಳಿರಲಿಲ್ವ?"

"ಹೇಳಿದ್ರಿ ಸರ. ಆದ್ರ ಎದಿ ಬ್ಯಾನಿ ಆದವ್ರು ಓಡೂದು ಹ್ಯಾಂಗ್ರಿ?" ಎಂದಳು ನಾಗರತ್ನಾ.

ಡಾಕ್ಟರಿಗೆ ಅರ್ಥವೇ ಆಗಲಿಲ್ಲ. ಪಕ್ಕದಲ್ಲಿದ್ದ ನರ್ಸು ಭಾಗ್ಯಾ ಬೈಲಹೊಂಗಲದವಳು, ಬಾಯಿಗೆ ಕೈ ಅಡ್ಡ ಹಿಡಿದಳು. "ಸರ, ನಮ್ಮ ಕಡೆ ಅಡ್ಡಾಡ್ರಿ ಅನಬೇಕ್ರಿ. ಓಡಾಡ್ರಿ ಅಂದ್ರ ಇವ್ರು ಓಡ್ರಿ ಅಂತ ತಿಳದಾರ." ಡಾಕ್ಟರು ಹಣೆಗೆ ಕೈ ಇಟ್ಟುಕೊಂಡು ಕುಳಿತುಬಿಟ್ಟರು. ಆಮೇಲೆ ಸಾವಕಾಶ ಬಿಡಿಸಿ ಹೇಳಿದರು: ಕಾಲು ಆಡಿದರೆ ಕರುಳು ಆಡುತ್ತದೆ, ಸಕ್ಕರೆ ಇಳಿಯುತ್ತದೆ, ನಿದ್ದೆ ಬರುತ್ತದೆ, ಹೃದಯಕ್ಕೂ ಭಾರ ಕಡಿಮೆ. ಮೊದಲು ಓಣಿಯ ತುದಿತನಕ ಸಾಕು, ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಮಾತಾಡುತ್ತ ನಡೆಯಬೇಕು, ಮಾತು ತಡವರಿಸಿದರೆ ನಿಲ್ಲಬೇಕು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಪೂಜಾರಿ ಈಗ ಬಾಗಿಲಲ್ಲಿ ನಿಂತಿದ್ದಳು.

"ಮೊದಲ ಓಡು ಅಂದ. ಈಗ ನಡಿ ಅಂತಾನ. ನಾಳಿಗೆ ಹಾರು ಅಂತಾನೇನ್?"

"ಅತ್ತ್ಯಾರ, ಅದು ಅವರ ಕಡೆ ಮಾತ್ರಿ. ತಿಳೂದ್ರಾಗ ನಮ್ದ ತಪ್ಪಾತು."

"ನೀ ಸುಮ್ಕಿರವಾ. ಗಂಡನ್ನ ಕಳಕೊಂಡಾಕಿ ನಾನು. ಹಾದ್ಯಾಗ ಬಿದ್ರ ಹ್ಯಾಂಗಿರತದ ಅನ್ನೂದು ನಿನಗೇನ್ ಗೊತ್ತು!"

ನಾಗರತ್ನಾಳಿಗೂ ಅಂಜಿಕೆಯಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಡಾಕ್ಟರು ಬೆಳಗಾವಿಯಲ್ಲಿದ್ದರು, ಗಂಡ ಇಲ್ಲಿ ಅವಳ ಭುಜದ ಮೇಲಿದ್ದ. ಆಗ ಸುಭಾಸನೇ ಬಾಯಿಬಿಟ್ಟ.

"ಅವ್ವಾ, ಅಪ್ಪ ಓಡಿ ಸತ್ತ. ನಾ ಮಲಗಿ ಸಾಯಾಕ ಹತ್ತೇನಿ."

ಗುರುಬಸವ್ವ ಅವನ ಮುಖ ನೋಡಿದಳು. ಅವಳ ಒಂದು ಕೈ ತಾನಾಗಿಯೇ ಚೌಕಟ್ಟಿನಿಂದ ಜಾರಿತು. ಗಂಡ ಹೆಂಡತಿ ಆ ಸಂದಿಯಲ್ಲೇ ಹೊರಗೆ ಬಂದರು.

ಸಂಜೆಯ ಬಿಸಿಲು ಓಣಿಯ ಅರ್ಧಕ್ಕೆ ಬಿದ್ದಿತ್ತು. ಗಂಡ ಮಾತು ನಿಲ್ಲಿಸದಂತೆ ನಾಗರತ್ನಾ ಒಂದಾದ ಮೇಲೊಂದು ಕೇಳುತ್ತ ಹೋದಳು. "ಹೆಸರ ಬೀಜ ಈ ಸಲ ಯಾವ ತಳಿ ತರಸ್ತೀರಿ?" "ಗೋವಿನಜೋಳ ಯಾರ ಒಯ್ಯತಾರ?" ಅವನು ಎಳೆದೆಳೆದು ಉತ್ತರ ಕೊಡುತ್ತಿದ್ದ. ಎದುರು ಬಂದ ಸತ್ಯಪ್ಪ, "ಏನ್ ಸಾವಕಾರ್ರ, ಆರಾಮ?" ಎಂದದ್ದಕ್ಕೂ ಉತ್ತರ ಕೊಟ್ಟ. ಹಿಂದೆ ಗುರುಬಸವ್ವ ಚಪ್ಪಲಿ ಮೆಟ್ಟಿಕೊಂಡು, ಜಗಳ ಮುಗಿದಿಲ್ಲ ಎಂದು ತೋರಿಸುವಷ್ಟು ದೂರ ಬಿಟ್ಟು ಬರುತ್ತಿದ್ದಳು. ಮಾತು ಅವಳಿಗೆ ಕೇಳಿಸುತ್ತಿರಲಿಲ್ಲ, ಮಗನ ದನಿಯಷ್ಟೇ ಕೇಳಿಸುತ್ತಿತ್ತು. ಅವಳಿಗೆ ಅಷ್ಟು ಸಾಕಿತ್ತು.

ಹಿಟ್ಟಿನ ಗಿರಣಿಯ ಮೂಲೆಯಲ್ಲಿ ಅವರಿಬ್ಬರೂ ತಿರುಗಿ ಮರೆಯಾದರು. ದನಿ ನಿಂತಿತು.

ಗುರುಬಸವ್ವ ಕಿವಿಗೊಟ್ಟಳು. ಗಿರಣಿ ಬಂದಾಗಿತ್ತು, ಎಲ್ಲೋ ಒಂದು ನಾಯಿ ಬೊಗಳಿತು, ಮಗನ ದನಿಯಿಲ್ಲ. ಮೂಲೆಗೆ ಬಂದು ನೋಡಿದರೆ, ಓಣಿಯ ಆ ತುದಿಯ ಕಟ್ಟೆಯ ಮೇಲೆ ಸುಭಾಸ ತಲೆ ಬಾಗಿಸಿ ಕುಸಿದು ಕುಳಿತಿದ್ದ. ನಾಗರತ್ನಾ ಅವನ ಮೇಲೆ ಬಗ್ಗಿದ್ದಳು. ಗುರುಬಸವ್ವನಿಗೆ ಕಂಡದ್ದು ಬಸ್ಸಿನ ಬಾಗಿಲು. ಎಪ್ಪತ್ತು ದಾಟಿದ ಆ ಹೆಂಗಸು ಸೀರೆ ಎತ್ತಿ ಹಿಡಿದು ಓಡಿದಳು.

"ಅವ್ವಾ! ಓಡಬ್ಯಾಡ! ಏನೂ ಆಗಿಲ್ಲ!" ಸುಭಾಸ ತಲೆಯೆತ್ತಿ ಕೂಗಿದ. "ಎದಿ ಗಟ್ಟಿ ಐತಿ. ಕಾಲಷ್ಟ ಸೋತಾವ!"

ಕೇಳುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಬಂದವಳೇ ಅವನ ಎದೆಗೆ ಅಂಗೈ ಒತ್ತಿ ಹಿಡಿದಳು. ಮಾತಾಡಲು ನೋಡಿದರೆ ಉಸಿರೇ ಇಲ್ಲ. ನಾಗರತ್ನಾ ಅವಳನ್ನು ಮಗನ ಪಕ್ಕದಲ್ಲಿ ಕೂರಿಸಿ ಬೆನ್ನು ನೀವಿದಳು. ತಾಯಿಯ ಉಸಿರು ಮೆಲ್ಲಗೆ ಹದಕ್ಕೆ ಬಂತು. ಆಗ ಸುಭಾಸನಿಗೆ ಅವಳ ಬರಿಗಾಲು ಕಂಡಿತು. ಒಂದು ಚಪ್ಪಲಿ ಗಿರಣಿಯ ಮೂಲೆಯಲ್ಲೇ ಬಿದ್ದಿತ್ತು.

ತರಲೆಂದು ನಾಗರತ್ನಾ ಹೊರಟಳು. ಅವನು ಅವಳ ಕೈ ಹಿಡಿದು ನಿಲ್ಲಿಸಿದ. "ನಾ ತರತೇನಿ."

ಗುರುಬಸವ್ವ ಬೇಡವೆಂದು ಕೈಯೆತ್ತುವಷ್ಟರಲ್ಲಿ ಅವನು ಕಟ್ಟೆಗೆ ಅಂಗೈ ಊರಿ ಎದ್ದಿದ್ದ. ಒಬ್ಬನೇ ಹೋದ, ಗೋಡೆಯನ್ನೂ ಮುಟ್ಟಲಿಲ್ಲ. ಮೂಲೆಯಲ್ಲಿ ಬಗ್ಗಿ ಚಪ್ಪಲಿ ಎತ್ತಿಕೊಂಡು, ಒಂದು ಗಳಿಗೆ ನಿಂತು, ಈ ಕಡೆ ತಿರುಗಿದ. ತಾಯಿ ಬರಿಗಾಲನ್ನು ಧೂಳಿನಲ್ಲಿ ಚಾಚಿಕೊಂಡು, ಮಗ ನಡೆದು ಬರುವುದನ್ನೇ ನೋಡುತ್ತ ಕುಳಿತಿದ್ದಳು.