ಬೆದೆಲ್ ಘಟ್ಟದ ಕೋವಿ

ಸಗಿನ್ ಮುದುಕನು ತಾನು ಹೊಡೆದ ಕಾಡುಮೇಕೆಯನ್ನು ಕುದುರೆಯ ಬೆನ್ನಿಗೆ ಅಡ್ಡಲಾಗಿ ಬಿಗಿದು, ಕೋವಿಯನ್ನು ಹೆಗಲಿಗೇರಿಸಿ ಬೆಟ್ಟವನ್ನಿಳಿದು ಬರುತ್ತಿದ್ದನು. ತೊರೆಯ ತಿರುವಿನಲ್ಲಿ ಅವನಿಗೆ ಎದುರಾದವನು ಸ್ವಂತ ಅಳಿಯ ತಿಲೆಕ್. ಬೇರೆ ಯಾರಾಗಿದ್ದರೂ ಮುದುಕನು ಹೆದರುತ್ತಿರಲಿಲ್ಲ. ಆದರೆ ತಿಲೆಕನು ಅರಣ್ಯದ ಕಾವಲುಗಾರ. ಆ ಕಣಿವೆಯಲ್ಲಿ ಬೇಟೆಯು ನಿಷಿದ್ಧವಾಗಿ ಎರಡು ವರ್ಷಗಳಾಗಿದ್ದವು; ಪರವಾನಗಿಯಿಲ್ಲದ ಕೋವಿ ಕಂಡರೆ ಹಿಡಿದೊಪ್ಪಿಸುವುದು ಅವನ ಉದ್ಯೋಗಧರ್ಮ.

"ಸಲಾಮ್, ಮಾವ. ಬರಿಗೈಲಿ ಬಂದ ಹಾಗಿಲ್ಲ!"

"ಮಾವನಿಗೆ ಕಣ್ಣು ಮಂಜಾಯ್ತು ಅಂತ ಊರೆಲ್ಲ ಸಾರಿದೋನು ನೀನೇ ಅಲ್ವೇನೋ? ನೋಡು, ಒಂದೇ ಗುಂಡು."

"ಪಾಪ, ಮೇಕೆಗೂ ವಯಸ್ಸಾಗಿತ್ತೇನೋ. ತಾನೇ ಬಂದು ನಿಂತಿರ್ಬೇಕು."

ಇಬ್ಬರೂ ನಕ್ಕರು. ಆದರೆ ತಿಲೆಕನ ನಗೆ ಬೇಗನೆ ಆರಿತು. ಅವನು ತನ್ನ ಕುದುರೆಯಿಂದಿಳಿದು, ಎದೆಯ ಮೇಲೆ ಕೈಯಿಟ್ಟು, ತಗ್ಗಿದ ದನಿಯಲ್ಲಿ "ಶಿರಾಲ್ಗಾ" ಎಂದನು.

ಬೇಟೆಯಿಂದ ಮರಳುವವನಿಗೆ ಎದುರಾಗಿ ಈ ಒಂದು ಮಾತನ್ನು ಯಾರೇ ಆಡಲಿ, ಬಂಧುವಾಗಲಿ ವೈರಿಯಾಗಲಿ, ಅವರು ಬೇಡಿದ ಪಾಲನ್ನು ಕೊಡಲೇಬೇಕು. ಬೆಟ್ಟವು ಕೊಟ್ಟದ್ದು ಒಬ್ಬನ ಸೊತ್ತಲ್ಲ. ಇಲ್ಲವೆಂದವನ ಕಣ್ಣಿಗೆ ಮುಂದೆಂದೂ ಮೃಗ ಬೀಳದೆಂಬುದು ಕಿರ್ಗಿಜ್ ಬೇಟೆಗಾರರ ನಂಬಿಕೆ. ಸಗಿನನು ಒಡನೆಯೇ ಸೊಂಟದ ಚೂರಿಗೆ ಕೈಹಾಕಿದನು.

"ಹಿಂದಿನ ತೊಡೆ ಕೊಡ್ಲಾ, ಪಕ್ಕೆ ಕೊಡ್ಲಾ?"

"ಮಾಂಸ ಬೇಡ ಮಾವ. ಕೋವಿ ಕೊಡಿ."

ಚೂರಿ ಒರೆಯಲ್ಲೇ ಉಳಿಯಿತು.

"ನಾಳೆ ನಮ್ಮ ಮೇಲಿನೋರು ಬರ್ತಾರೆ, ಮನೆಮನೆ ಜಾಲಾಡ್ತಾರೆ. ನಿಮ್ಮ ಹೆಸರು ಯಾರೋ ಅವರ ಕಿವಿಗೆ ಹಾಕಿದ್ದಾರೆ" ಎಂದನು ತಿಲೆಕ್. "ತಾವಾಗೇ ತಂದುಕೊಟ್ಟ ಕೋವಿಗೆ ಮೊಕದ್ದಮೆ ಇಲ್ಲ. ಹುಡುಕಿದಾಗ ಸಿಕ್ಕಿದ್ರೆ ನಿಮಗೆ ಜೈಲು. ಗೊತ್ತಿದ್ದೂ ಸುಮ್ಮನಿದ್ದೆ ಅಂತ ನನ್ನ ಕೆಲಸಾನೂ ಹೋಗುತ್ತೆ. ನಿಮ್ಮ ಹೆಗಲಿಂದ ಕಿತ್ಕೊಳ್ಳೋಕೆ ನನಗೆ ಕೈ ಬರಲ್ಲ. ಅದಕ್ಕೇ ಬೇಡ್ತಾ ಇದೀನಿ."

"ಶಿರಾಲ್ಗಾ ಬೇಟೆಗೆ ಕಣೋ, ಬೇಟೆಗಾರನ ಕೈಗಲ್ಲ! ಈ ಕೋವೀನ ನಾನೇನು ಬಂಡೆ ಮೇಲಿಂದ ಹೊಡೆದು ಬೀಳಿಸಿದೆನಾ? ನಾಳೆ ನನ್ನ ಕುದುರೇನೂ ಕೇಳ್ತೀಯ."

"ಕುದುರೆ ಬೇಡಪ್ಪ, ಅದು ನಿಮಗಿಂತ ಮುದಿ" ಎಂದ ತಿಲೆಕನು ಕಣ್ಣೊರೆಸಿಕೊಂಡನು. "ಸಂಜೆ ಬರ್ತೀನಿ. ಇಲ್ಲ ಅನ್ನಬೇಕಾದ್ರೆ ಆಗಲೇ ಅನ್ನಿ."

ಮನೆಯ ಅಂಗಳದಲ್ಲಿ ಮೇಕೆಯ ಚರ್ಮ ಸುಲಿಯುತ್ತ ಮಡದಿ ಜಿಪರ್ ಎಲ್ಲವನ್ನೂ ಕೇಳಿದಳು. ಸಗಿನನು ಹೊಸಿಲ ಬಳಿಯ ಕಂಬಳಿಯ ಮೇಲೆ ಕುಳಿತು ಕೋವಿಯನ್ನು ಬಿಚ್ಚಿ, ಕುರಿಬಾಲದ ಕೊಬ್ಬನ್ನು ಸವರಿದ ಬಟ್ಟೆಯಿಂದ ಅದರ ಒಂದೊಂದು ಅಂಗವನ್ನೂ ಒರೆಸತೊಡಗಿದನು. ಐದು ಗುಂಡು ಹಿಡಿಯುವ ಆ ಕೋವಿಯನ್ನು ಅಲ್ಲಿಯ ಜನ 'ಬೆಶಾತಾರ್' ಎನ್ನುತ್ತಾರೆ. ರಷ್ಯದ ಚಕ್ರವರ್ತಿಯ ಸೈನಿಕರಿಗೆಂದು ಎರಕಗೊಂಡ ಆಯುಧವದು. ಅದರ ಉಕ್ಕಿನ ಮೇಲೆ ಒಂದು ಕಾಲಕ್ಕೆ ಎರಡು ತಲೆಯ ಹದ್ದಿತ್ತು. ಚಕ್ರವರ್ತಿಯು ಅಳಿದ ಮೇಲೆ ಯಾರೋ ಆ ಹದ್ದನ್ನು ಅರದಿಂದ ಉಜ್ಜಿ ಅಳಿಸಿದ್ದರು. ಸಾಮೂಹಿಕ ಬೇಸಾಯದ ಕಾಲದಲ್ಲಿ ತೋಳಗಳನ್ನು ಕೊಲ್ಲಲೆಂದು ಅದು ಸಗಿನನ ತಂದೆಯ ಕೈಯಲ್ಲಿತ್ತು. ಮಹಾಯುದ್ಧದ ತರುವಾಯ ಸವೆದ ನಳಿಗೆಯನ್ನು ತೆಗೆದು ಬೇರೊಂದನ್ನು ಕೂಡಿಸಿದರು. ಒಡೆದ ಮರದ ಹಿಡಿಯನ್ನು ಸಗಿನನೇ ತನ್ನ ಯೌವನದಲ್ಲಿ ಅಕ್ರೋಟದ ಮರದಿಂದ ಕೆತ್ತಿದ್ದನು. ನಳಿಗೆ ಹೊಸದು, ಹಿಡಿ ಹೊಸದು, ಒಡೆಯರೂ ಹೊಸಬರು. ಆದರೂ ಮೂರು ತಲೆಮಾರು ಅದನ್ನು 'ಅಜ್ಜನ ಕೋವಿ' ಎಂದೇ ಕರೆದಿತ್ತು. ದೇಹದ ಕಣಕಣವೂ ಬದಲಾದರೂ ತಾನು ತಾನೇ ಎಂದು ಮನುಷ್ಯನು ನಂಬುವುದಿಲ್ಲವೆ? ಕೋವಿಯ ವಿಷಯದಲ್ಲಿಯೂ ಸಗಿನನ ನಂಬಿಕೆ ಅಂಥದ್ದೇ ಆಗಿತ್ತು.

"ಮಗಳನ್ನೇ ಎತ್ತಿ ಕೊಟ್ರಿ, ಕಣ್ಣಲ್ಲಿ ಒಂದು ಹನಿ ನೀರು ಬರ್ಲಿಲ್ಲ" ಎಂದಳು ಜಿಪರ್. "ಈಗ ಅದೇ ಅಳಿಯನಿಗೆ ಒಂದು ತುಂಡು ಕಬ್ಬಿಣ ಕೊಡೋಕೆ ಸೂತಕದ ಮುಖ."

"ಮಗಳು ನನ್ನವಳು ಬೈಬಿಚೆ, ಕೊಟ್ಟೆ. ಕೋವಿ ಹಾಗಲ್ಲ" ಎಂದನು ಸಗಿನ್, ಮನೆಯೊಡತಿಗೆ ಸಲ್ಲುವ ಗೌರವದ ಹೆಸರಿನಿಂದಲೇ ಕರೆದು.

"ಹಾಗಾದ್ರೆ ಯಾರದು? ನಿಮ್ಮಜ್ಜ ಏನು ಸಂತೇಲಿ ಕೊಂಡಿದ್ರಾ?"

ಬಟ್ಟೆ ಹಿಡಿದ ಕೈ ನಿಂತಿತು. ಆ ಕಥೆಯನ್ನು ಅವನು ನೂರಾರು ಸಲ ಹೇಳಿದ್ದನು. ಜನರೆಲ್ಲ ಚಕ್ರವರ್ತಿಯ ಸೈನ್ಯಕ್ಕಂಜಿ ಚೀಣದ ಕಡೆಗೆ ಓಡಿದ ವರ್ಷ, ಬೆದೆಲ್ ಘಟ್ಟದ ಹಿಮದಲ್ಲಿ ಮನುಷ್ಯರೂ ಪಶುಗಳೂ ಬಿದ್ದಲ್ಲಿಯೇ ಮಡಿದರು. ಅಜ್ಜ ತೊರೊಬೆಕನು ಅಲ್ಲಿ ಒಬ್ಬ ಸೈನಿಕನನ್ನು ಕಂಡನು: ಬೆನ್ನಟ್ಟಿ ಬಂದವನೇ, ಆದರೆ ಚಳಿ ಅವನನ್ನೂ ಬಿಟ್ಟಿರಲಿಲ್ಲ; ಗಡ್ಡ ಇನ್ನೂ ಚಿಗುರದ ಮುಖ. ಅಜ್ಜನು ಅವನ ಕಣ್ಣು ಮುಚ್ಚಿ, ಮರಗಟ್ಟಿದ ಬೆರಳುಗಳಿಂದ ಕೋವಿಯನ್ನು ಬಿಡಿಸಿಕೊಂಡನು. ಈ ಕಥೆಯಲ್ಲಿ ಸಗಿನನು ಯಾವಾಗಲೂ ಅಜ್ಜನ ಧೈರ್ಯವನ್ನೇ ಕಂಡಿದ್ದನು. ಇಂದು ಮೊದಲ ಬಾರಿಗೆ ಆ ದಾರಿಯನ್ನು ಕಂಡನು. ಕೊಂಡದ್ದಲ್ಲ, ಗೆದ್ದದ್ದೂ ಅಲ್ಲ, ಬೆಟ್ಟದಲ್ಲಿ ದೊರೆತದ್ದು. ಬೆಟ್ಟದಲ್ಲಿ ದೊರೆತದ್ದನ್ನು ಹೊತ್ತು ಇಳಿದು ಬಂದವನಿಗೆ ಯಾರಾದರೂ ಎದುರಾಗಿ 'ಶಿರಾಲ್ಗಾ' ಎಂಬ ಮಾತನ್ನು ಆಡಬೇಕಾಗಿತ್ತು. ಆಡಲು ಆ ದಾರಿಯಲ್ಲಿ ಉಸಿರಿರುವವರು ಯಾರಿದ್ದರು?

ಅವನು ಕೋವಿಯನ್ನು ಮತ್ತೆ ಜೋಡಿಸಿ, ಕೈಕಾಲು ತೊಳೆದು, ಮಡಿಯಾಗಿ ಕುಳಿತು, ಹೆಸರು ತಿಳಿಯದ ಆ ಹುಡುಗನಿಗೂ ಘಟ್ಟದಲ್ಲಿ ಉಳಿದ ತನ್ನವರಿಗೂ ಒಂದೇ ಪ್ರಾರ್ಥನೆಯನ್ನು ಓದಿದನು.

ಬಿಸಿಲು ಇಳಿಯುವ ಹೊತ್ತಿಗೆ ತಿಲೆಕನು ಬಂದು ಬಾಗಿಲಲ್ಲೇ ನಿಂತನು. ಸಗಿನನು ಗುಂಡುಗಳನ್ನು ತೆಗೆದು ತೋರಿಸಿ, ಕೋವಿಯನ್ನು ಎರಡೂ ಕೈಗಳ ಮೇಲೆ ಮಲಗಿಸಿ ಮುಂದೆ ಚಾಚಿದನು.

"ಇದು ನನ್ನ ಬೇಟೆಯ ಪಾಲಲ್ಲಪ್ಪ, ನಮ್ಮಜ್ಜಂದು. ಘಟ್ಟ ಇಳಿಯುವಾಗ ಅವರಿಗೆ ಎದುರಿಗೆ ಬರೋರು ಯಾರೂ ಇರ್ಲಿಲ್ಲ. ನೀನು ಬಂದೆ. ತಗೋ."

ತಿಲೆಕನೂ ಎರಡೂ ಕೈಗಳಿಂದಲೇ ತೆಗೆದುಕೊಂಡನು. "ಕರಗಿಸಿಬಿಡ್ತಾರೆ, ಮಾವ. ಸುಳ್ಳು ಹೇಳಲ್ಲ."

"ಕರಗಿಸ್ಲಿ. ಅದು ಆ ಹುಡುಗನ ಕೈಗೆ ಬರೋಕೆ ಮುಂಚೆ ಕರಗಿದ ಕಬ್ಬಿಣಾನೇ ಆಗಿತ್ತು."

"ಮೇಕೆ ಗತಿ?" ತಿಲೆಕನು ಅಂಗಳದ ಕಡೆ ಕಣ್ಣು ಹಾಯಿಸಿದನು.

"ಯಾವ ಮೇಕೆ?" ಜಿಪರ್ ಸೌಟನ್ನು ಎತ್ತಿದಳು. "ನಿಮ್ಮ ದೊಡ್ಡೋರು ಬರೋದ್ರೊಳಗೆ ಕೇರಿಯೋರ ಹೊಟ್ಟೇಲಿರುತ್ತೆ. ಕೂತ್ಕೊ, ಸಾರು ಆರಿಹೋಗುತ್ತೆ."

"ಅತ್ತೆ, ನಾನು ಕಾವಲುಗಾರ."

"ಹಾಗಾದ್ರೆ ಕಣ್ಣು ಮುಚ್ಕೊಂಡು ತಿನ್ನು."

ತಿಲೆಕನು ಮಾಂಸ ತಿನ್ನಲಿಲ್ಲ, ಆದರೆ ಕುಳಿತನು, ರೊಟ್ಟಿ ಮುರಿದು ಚಹಾ ಕುಡಿದನು. ಮೊಣಕಾಲಿನ ಮೇಲೆ ಮಲಗಿದ್ದ ಕೋವಿಯನ್ನು ಅವನು ನೆಲಕ್ಕಿಳಿಸಲಿಲ್ಲ. ಅದನ್ನು ಕಂಡು ಸಗಿನನು ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದನು.